ಗಡಿ ದಾಟುವ ಸರಕು ಸಾಗಣೆಗೆ ಹಿರಿಯ ವ್ಯವಸ್ಥಾಪಕರ ನೇಮಕಾತಿ: ಅಭ್ಯರ್ಥಿಗಳು ಹಾಗೂ ಮಾಲೀಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಬೀದರ್ ಜಿಲ್ಲೆಯ ನಿರ್ಣಾ ಭಾಗದ ಜನರಿಗೆ ರಾಜ್ಯದ ಗಡಿ ಎಂಬುದು ದೂರದ ವಿಷಯವಲ್ಲ. 1956ಕ್ಕೆ ಮೊದಲು ಜಹೀರಾಬಾದ್ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ ತಾಲ್ಲೂಕಾಗಿದ್ದು, ನಿರ್ಣಾ ಅದರ ಒಂದು ವೃತ್ತವಾಗಿತ್ತು. 1956ರ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯ ಮೂಲಕ ಜಹೀರಾಬಾದ್ ತಾಲ್ಲೂಕು ಆಂಧ್ರ ಪ್ರದೇಶಕ್ಕೆ ಸೇರಿದಾಗ ನಿರ್ಣಾ ವೃತ್ತವನ್ನು ಮಾತ್ರ ಹೊರತುಪಡಿಸಿ ಅಂದಿನ ಮೈಸೂರು ರಾಜ್ಯದಲ್ಲಿ ಉಳಿಸಲಾಯಿತು. ಅದೇ ಜಿಲ್ಲೆಯ ಉದಗೀರ, ನಿಲಂಗಾ ಮತ್ತು ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಹೀಗೆ ಒಂದೇ ಜಿಲ್ಲೆಯ ನೆರೆಹೊರೆಯ ಊರುಗಳು ಇಂದು ಕರ್ನಾಟಕ, ಮಹಾರಾಷ್ಟ್ರ ಹಾಗೂ (2014ರ ಜೂನ್ 2ರಿಂದ) ತೆಲಂಗಾಣ ಎಂಬ ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ.

ಆಡಳಿತದ ಗಡಿ ಬದಲಾದರೂ ವ್ಯಾಪಾರದ ದಾರಿ ಬದಲಾಗಲಿಲ್ಲ. ಪುಣೆ, ಸೊಲ್ಲಾಪುರ, ಉಮರ್ಗಾ, ಹುಮನಾಬಾದ್, ಜಹೀರಾಬಾದ್, ಹೈದರಾಬಾದ್ ನಗರಗಳನ್ನು ಜೋಡಿಸುವ ಹೆದ್ದಾರಿಯು (ಹಿಂದಿನ ರಾಷ್ಟ್ರೀಯ ಹೆದ್ದಾರಿ 9, ಈಗಿನ 65) ಈ ಭಾಗದ ಮೂಲಕವೇ ಹಾದುಹೋಗುತ್ತದೆ. ಬೀದರ್, ಕಲಬುರಗಿ, ವಿಜಯಪುರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 50 ಹುಮನಾಬಾದ್‌ನಲ್ಲಿ ಇದನ್ನು ಸಂಧಿಸುತ್ತದೆ. ತೊಗರಿ, ಸೋಯಾ, ಸಕ್ಕರೆ, ಶುಂಠಿ ಹಾಗೂ ಹುಮನಾಬಾದ್ ಕೈಗಾರಿಕಾ ಪ್ರದೇಶದ ರಾಸಾಯನಿಕ ಮತ್ತು ಔಷಧ ಘಟಕಗಳ ಸರಕು ಈ ದಾರಿಗಳಲ್ಲಿ ಸಾಗುತ್ತದೆ. ಬಸವಕಲ್ಯಾಣದಲ್ಲಿ ಲಾರಿಗಳ ದುರಸ್ತಿ ಹಾಗೂ ಬಾಡಿ ಕಟ್ಟುವ ಕೆಲಸ ಅನೇಕ ಕುಟುಂಬಗಳಿಗೆ ಆಧಾರವಾಗಿದೆ.

ಈ ಭಾಗದಲ್ಲಿ ಚಾಲಕರಾಗಿ, ಗುಮಾಸ್ತರಾಗಿ, ಮೇಲ್ವಿಚಾರಕರಾಗಿ ಹತ್ತಾರು ವರ್ಷ ದುಡಿದವರಿಗೆ ಈಗ ಕಾರ್ಯಾಚರಣೆ ವ್ಯವಸ್ಥಾಪಕ, ಶಾಖಾ ಮುಖ್ಯಸ್ಥ, ಪ್ರಾದೇಶಿಕ ಲಾಜಿಸ್ಟಿಕ್ಸ್ ವ್ಯವಸ್ಥಾಪಕ ಮುಂತಾದ ಹಿರಿಯ ಹುದ್ದೆಗಳ ಅವಕಾಶ ಬರುತ್ತಿದೆ. ಇಂತಹ ಹುದ್ದೆಗೆ ಅರ್ಜಿ ಸಲ್ಲಿಸುವವರೂ, ಅರ್ಹರನ್ನು ಹುಡುಕುತ್ತಿರುವ ಸಾರಿಗೆ ಸಂಸ್ಥೆಗಳ ಮಾಲೀಕರೂ ಸಾಮಾನ್ಯವಾಗಿ ವೇತನದ ಬಗ್ಗೆ ಮಾತ್ರ ಮಾತನಾಡಿ ಒಪ್ಪಿಕೊಳ್ಳುತ್ತಾರೆ. ಹುದ್ದೆಯ ಹೊಣೆ ಏನು, ಅದಕ್ಕೆ ತಕ್ಕ ಅಧಿಕಾರವಿದೆಯೇ ಎಂಬ ವಿಚಾರ ಮೊದಲ ಬಾರಿಗೆ ಲಾರಿ ತಡೆಹಿಡಿಯಲ್ಪಟ್ಟ ದಿನವೇ ಎದುರಾಗುತ್ತದೆ. ಆ ದಿನಕ್ಕಿಂತ ಮುಂಚೆಯೇ ಈ ವಿಚಾರವನ್ನು ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕೆಂಬುದೇ ಈ ಮಾಹಿತಿಯ ಉದ್ದೇಶವಾಗಿರುತ್ತದೆ.

2. ಹಿರಿಯ ವ್ಯವಸ್ಥಾಪಕರ ಕೆಲಸದ ಸ್ವರೂಪ

ಒಂದು ಲಾರಿ ರಾಜ್ಯದ ಗಡಿ ದಾಟುವಾಗ ಅದರೊಂದಿಗೆ ಸರಕು ಮಾತ್ರ ಸಾಗುವುದಿಲ್ಲ, ದಾಖಲೆಗಳೂ ಸಾಗುತ್ತವೆ. ನೋಂದಣಿ ಪತ್ರ, ಅರ್ಹತಾ ಪತ್ರ, ವಿಮೆ, ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ, ರಾಷ್ಟ್ರೀಯ ಪರವಾನಗಿ, ಚಾಲಕನ ಪರವಾನಗಿ, ಸರಕಿನ ಇನ್‌ವಾಯ್ಸ್, ಬಿಲ್ಟಿ ಮತ್ತು ಇ-ವೇ ಬಿಲ್ ಇವುಗಳಲ್ಲಿ ಒಂದರ ಅವಧಿ ಮುಗಿದಿದ್ದರೂ ವಾಹನ ನಿಲ್ಲುತ್ತದೆ. ಇವೆಲ್ಲವನ್ನೂ ಸಕಾಲದಲ್ಲಿ ಸರಿಯಾಗಿ ಇಡುವುದು ಹಿರಿಯ ವ್ಯವಸ್ಥಾಪಕರ ಮೊದಲ ಕರ್ತವ್ಯ.

ಎರಡನೆಯದು ತೀರ್ಮಾನ ಕೈಗೊಳ್ಳುವ ಕರ್ತವ್ಯ. ಎಷ್ಟು ತೂಕ ಹೇರಬೇಕು, ಯಾವ ಚಾಲಕನನ್ನು ಕಳುಹಿಸಬೇಕು, ದಣಿದ ಚಾಲಕನಿಗೆ ವಿಶ್ರಾಂತಿ ಕೊಡಬೇಕೇ, ಮಾರ್ಗಮಧ್ಯೆ ಕೆಟ್ಟ ಲಾರಿಯ ಸರಕನ್ನು ಬೇರೆ ಲಾರಿಗೆ ಸಾಗಿಸಬೇಕೇ, ಹಿಂದಿರುಗುವ ಲಾರಿಗೆ ಯಾವ ಲೋಡ್ ಒಪ್ಪಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಅವರು ದೂರವಾಣಿಯಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಮೂರನೆಯದು ಗ್ರಾಹಕರು, ಹಮಾಲರು, ಚಾಲಕರು, ಅಧಿಕಾರಿಗಳು ಮತ್ತು ಮಾಲೀಕರ ನಡುವೆ ನಂಬಿಕೆಯನ್ನು ಉಳಿಸುವ ಕರ್ತವ್ಯ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಮುಚ್ಚಿದವು. ಹಾಗಾಗಿ ಈಗ ತಪಾಸಣೆ ಇಲ್ಲವೆಂದು ಕೆಲವರು ಭಾವಿಸಿರುತ್ತಾರೆ. ಇದು ಸರಿಯಲ್ಲ. ತಪಾಸಣೆಯು ಗೊತ್ತಾದ ಒಂದು ಠಾಣೆಯಿಂದ ಇಡೀ ಮಾರ್ಗಕ್ಕೆ ವಿಸ್ತರಿಸಿದೆ. ಹಿಂದೆ ಗಡಿಯಲ್ಲಿ ನಿಂತು ಕಾಗದ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತಿತ್ತು; ಈಗ ಲಾರಿ ಗೋದಾಮು ಬಿಡುವ ಮೊದಲೇ ಎಲ್ಲವೂ ಸರಿಯಾಗಿರಬೇಕು. ಹಿರಿಯ ವ್ಯವಸ್ಥಾಪಕರ ಹುದ್ದೆಯ ಮಹತ್ವ ಹೆಚ್ಚಲು ಇದೇ ಮುಖ್ಯ ಕಾರಣ.

3. ಕಾನೂನಿನ ದೃಷ್ಟಿಯಲ್ಲಿ ಹೊಣೆ

ಅಭ್ಯರ್ಥಿಗಳು ನೇಮಕ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಕೆಳಕಂಡ ನಿಯಮಗಳನ್ನು ಗಮನದಲ್ಲಿಡತಕ್ಕದ್ದು.

(ಅ) ಅಧಿಕ ಭಾರ: ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 194ರ ಪ್ರಕಾರ ಮಿತಿಗಿಂತ ಹೆಚ್ಚು ಭಾರ ಹೇರಿದ ವಾಹನವನ್ನು ಓಡಿಸಿದವರು ಮಾತ್ರವಲ್ಲದೆ, ಓಡಿಸಲು ಕಾರಣರಾದವರು ಅಥವಾ ಅನುಮತಿಸಿದವರೂ ದಂಡಕ್ಕೆ ಗುರಿಯಾಗುತ್ತಾರೆ. 2019ರ ತಿದ್ದುಪಡಿಯಲ್ಲಿ ನಿಗದಿಯಾದ ದಂಡ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್‌ಗೆ ರೂ. 2,000. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚ ಪ್ರತ್ಯೇಕ. ಅದನ್ನು ಇಳಿಸುವವರೆಗೆ ವಾಹನ ಮುಂದೆ ಹೋಗುವಂತಿಲ್ಲ. ತೂಕ ಮಾಡಿಸಲು ನಿರಾಕರಿಸಿದರೆ ಅಥವಾ ತೂಕಕ್ಕೆ ಮುನ್ನ ಸರಕು ಇಳಿಸಿದರೆ ಚಾಲಕನಿಗೆ ರೂ. 40,000 ದಂಡವಿದೆ.

ಉದಾಹರಣೆಗೆ, 2018ರ ಪರಿಷ್ಕರಣೆಯ ನಂತರ ಮೂರು ಆ್ಯಕ್ಸಲ್‌ನ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ನೋಂದಣಿ ಪತ್ರದಲ್ಲಿ ಒಟ್ಟು ತೂಕ 28.5 ಟನ್, ಖಾಲಿ ತೂಕ 9 ಟನ್ ಎಂದಿದ್ದರೆ ಹೇರಬಹುದಾದ ಸರಕು 19.5 ಟನ್. ಗ್ರಾಹಕರ ಒತ್ತಾಯಕ್ಕೆ 22.5 ಟನ್ ಹೇರಿದರೆ ಹೆಚ್ಚುವರಿ 3 ಟನ್ ಆಗಿ, ದಂಡ ರೂ. 26,000 ಆಗುತ್ತದೆ. ಹಮಾಲಿ, ಬೇರೆ ಲಾರಿಯ ಬಾಡಿಗೆ ಮತ್ತು ಕಳೆದ ದಿನಗಳ ನಷ್ಟ ಇದರ ಮೇಲೆ. ಮೂರು ಟನ್‌ಗೆ ಸಿಗುವ ಬಾಡಿಗೆ ಇದರ ಮುಂದೆ ಅಲ್ಪ.

(ಆ) ಸಂಸ್ಥೆಯ ಅಪರಾಧ: ಇದೇ ಕಾಯ್ದೆಯ ಕಲಂ 199ರ ಪ್ರಕಾರ ಕಂಪನಿಯೊಂದು ಅಪರಾಧ ಎಸಗಿದಾಗ ಆ ಸಮಯದಲ್ಲಿ ಅದರ ವ್ಯವಹಾರದ ಉಸ್ತುವಾರಿ ಹೊತ್ತು, ಕಂಪನಿಗೆ ಜವಾಬ್ದಾರರಾಗಿದ್ದ ವ್ಯಕ್ತಿಯನ್ನೂ ಕಂಪನಿಯೊಂದಿಗೆ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಇಲ್ಲಿ ಕಂಪನಿ ಎಂದರೆ ಪಾಲುದಾರಿಕೆ ಸಂಸ್ಥೆಯೂ ಸೇರುತ್ತದೆ. ಅಪರಾಧ ತಮ್ಮ ಅರಿವಿಗೆ ಬಾರದೆ ನಡೆಯಿತೆಂದು ಅಥವಾ ಅದನ್ನು ತಡೆಯಲು ಸೂಕ್ತ ಎಚ್ಚರಿಕೆ ವಹಿಸಿದ್ದೆನೆಂದು ಸಾಬೀತುಪಡಿಸಿದರೆ ಆ ವ್ಯಕ್ತಿಗೆ ವಿನಾಯಿತಿ ದೊರೆಯುತ್ತದೆ. ಸಾಬೀತುಪಡಿಸುವ ಹೊರೆ ಅವರದೇ ಆಗಿರುವುದರಿಂದ ಲಿಖಿತ ದಾಖಲೆ ಇಲ್ಲದ ವ್ಯವಸ್ಥಾಪಕರು ಕಷ್ಟಕ್ಕೆ ಸಿಲುಕುತ್ತಾರೆ. "ಮಾಲೀಕರು ಬಾಯಿಮಾತಿನಲ್ಲಿ ಹೇಳಿದರು" ಎಂಬುದು ಸಾಕಾಗುವುದಿಲ್ಲ.

(ಇ) ಇ-ವೇ ಬಿಲ್: 2018ರ ಏಪ್ರಿಲ್ 1ರಿಂದ ರಾಜ್ಯ ರಾಜ್ಯಗಳ ನಡುವೆ ಸಾಗುವ ರೂ. 50,000ಕ್ಕೂ ಮೀರಿದ ಮೌಲ್ಯದ ಸರಕಿಗೆ, ವಿನಾಯಿತಿ ಪಡೆದ ಸರಕುಗಳನ್ನು ಹೊರತುಪಡಿಸಿ, ಇ-ವೇ ಬಿಲ್ ಕಡ್ಡಾಯವಾಗಿದೆ. 2021ರ ಜನವರಿ 1ರಿಂದ ಸಾಮಾನ್ಯ ಸರಕು ವಾಹನಗಳಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದಂತೆ ಅದರ ಅವಧಿ ಲೆಕ್ಕವಾಗುತ್ತದೆ; 450 ಕಿ.ಮೀ. ದೂರಕ್ಕೆ ಮೂರು ದಿನ. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯ ಒಳಗೆ ಮಾತ್ರ ವಿಸ್ತರಿಸಿಕೊಳ್ಳಬಹುದು. ಸರಕನ್ನು ಬೇರೆ ಲಾರಿಗೆ ಸಾಗಿಸಿದರೆ ಹೊಸ ವಾಹನದ ಸಂಖ್ಯೆಯನ್ನು ಬಿಲ್ಲಿನ ಭಾಗ-ಬಿ ಯಲ್ಲಿ ನಮೂದಿಸಲೇಬೇಕು.

ನಿಯಮ ಉಲ್ಲಂಘಿಸಿದ ಸರಕನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 129ರ ಅಡಿಯಲ್ಲಿ ತಡೆಹಿಡಿಯಬಹುದು. ತೆರಿಗೆ ಅನ್ವಯವಾಗುವ ಸರಕಿನ ಮಾಲೀಕರು ಮುಂದೆ ಬಂದಲ್ಲಿ ಬಿಡುಗಡೆಗೆ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕಾಗುತ್ತದೆ. ರೂ. 10 ಲಕ್ಷ ಮೌಲ್ಯದ, ಶೇ. 18 ತೆರಿಗೆಯ ಸರಕಾದರೆ ಈ ದಂಡ ರೂ. 3.60 ಲಕ್ಷವಾಗುತ್ತದೆ. ಆದರೆ ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿಗಳ ತಪ್ಪು, ಹೆಸರಿನ ಅಕ್ಷರದೋಷ ಮುಂತಾದ ಸಣ್ಣ ಲೋಪಗಳಿಗೆ ಇಷ್ಟು ದಂಡ ವಿಧಿಸದೆ ಅಂತರರಾಜ್ಯ ಸಾಗಣೆಯಲ್ಲಿ ರೂ. 1,000 ಮಾತ್ರ ವಿಧಿಸುವಂತೆ 2018ರ ಸೆಪ್ಟೆಂಬರ್ 14ರ ಕೇಂದ್ರದ ಸುತ್ತೋಲೆ ಸೂಚಿಸಿದೆ. ಈ ವ್ಯತ್ಯಾಸವನ್ನು ತಿಳಿದ ವ್ಯವಸ್ಥಾಪಕರು ಸಂಸ್ಥೆಗೆ ಲಕ್ಷಾಂತರ ರೂಪಾಯಿ ಉಳಿಸಬಲ್ಲರು.

(ಈ) ಸರಕಿನ ನಷ್ಟ: ರಸ್ತೆ ಮೂಲಕ ಸಾಗಣೆ ಕಾಯ್ದೆ, 2007 ಜಾರಿಗೆ ಬಂದದ್ದು 2011ರ ಮಾರ್ಚ್ 1ರಂದು. ಬೇರೆಬೇರೆ ಗ್ರಾಹಕರಿಂದ ಸರಕು ಸಂಗ್ರಹಿಸಿ ಬಾಡಿಗೆಗೆ ಸಾಗಿಸುವ ಸಂಸ್ಥೆಗಳು ಇದರ ಅಡಿಯಲ್ಲಿ ನೋಂದಣಿ ಪಡೆದಿರಬೇಕು. ಸರಕು ಕಳೆದುಹೋದರೆ ಅಥವಾ ಹಾಳಾದರೆ, ಗ್ರಾಹಕರು ಹೆಚ್ಚಿನ ಹೊಣೆಗೆ ಒಪ್ಪಂದ ಮಾಡಿಕೊಂಡಿರದಿದ್ದಲ್ಲಿ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದು ಘೋಷಿತ ಮೌಲ್ಯವನ್ನು ಮೀರುವುದಿಲ್ಲ. ದಾವೆ ಹೂಡುವವರು ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಬಿಲ್ಟಿಯಲ್ಲಿ ಮೌಲ್ಯ ಮತ್ತು ತೂಕವನ್ನು ಸರಿಯಾಗಿ ಬರೆಸುವುದು ಏಕೆ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

(ಉ) ಚಾಲಕರ ದುಡಿಮೆಯ ಅವಧಿ: ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಈ ಕಾಯ್ದೆಯ ಸ್ಥಾನದಲ್ಲಿ ಬಂದಿದೆ. ಅದರಲ್ಲಿಯೂ ದಿನದ ದುಡಿಮೆಗೆ 8 ಗಂಟೆಯೇ ಸಾಮಾನ್ಯ ಮಿತಿಯಾಗಿದೆ. ಹಿಂದಿನ ರಾತ್ರಿ ನಿದ್ದೆಗೆಟ್ಟ ಚಾಲಕನನ್ನು ಮತ್ತೆ ಹೈದರಾಬಾದಿಗೆ ಕಳುಹಿಸುವ ನಿರ್ಧಾರ ಮಾಡುವುದು ಕಚೇರಿಯಲ್ಲಿ. ಅದರ ಪರಿಣಾಮ ಅನುಭವಿಸುವುದು ಚಾಲಕ, ಅವನ ಕುಟುಂಬ ಮತ್ತು ರಸ್ತೆಯಲ್ಲಿ ಎದುರಾದವರು. ಆದ್ದರಿಂದ ಈ ವಿಷಯದಲ್ಲಿ 'ಇಲ್ಲ' ಎನ್ನುವ ಅಧಿಕಾರ ವ್ಯವಸ್ಥಾಪಕರಿಗೆ ಇರಲೇಬೇಕು.

4. ಹೊಣೆ ಮತ್ತು ಅಧಿಕಾರ: ಒಂದು ಕಲ್ಪಿತ ನಿದರ್ಶನ

ಹುಮನಾಬಾದ್‌ನಿಂದ ಪುಣೆಗೆ ಹೊರಟ ಲಾರಿ ಉಮರ್ಗಾ ಸಮೀಪ ರಾತ್ರಿ 11 ಗಂಟೆಗೆ ಕೆಟ್ಟು ನಿಲ್ಲುತ್ತದೆ ಎಂದು ಭಾವಿಸೋಣ. ವ್ಯವಸ್ಥಾಪಕರು ಬೇರೆ ಲಾರಿ ಗೊತ್ತುಮಾಡಬೇಕು. ಅದಕ್ಕೆ ಹಣ ಬೇಕು; ಹಣ ಬಿಡುಗಡೆಗೆ ಮಾಲೀಕರ ಒಪ್ಪಿಗೆ ಬೇಕು; ಮಾಲೀಕರು ದೂರವಾಣಿ ಎತ್ತುವುದಿಲ್ಲ. ಇ-ವೇ ಬಿಲ್ ತಿದ್ದುವ ಗುಪ್ತಪದ ಲೆಕ್ಕಿಗರ ಬಳಿ ಇದೆ. ಅವರು ಬೆಳಿಗ್ಗೆ 10 ಗಂಟೆಗೆ ಬರುತ್ತಾರೆ. ಗ್ರಾಹಕರು ಸರಕಿಗಾಗಿ ಒತ್ತಾಯಿಸುತ್ತಾರೆ. ಚಾಲಕ ತನಗೆ ಪರಿಚಯದ ಲಾರಿಗೆ ಸರಕು ತುಂಬಿ ಹೊರಡುತ್ತಾನೆ. ಮುಂದೆ ತಪಾಸಣೆಯಲ್ಲಿ ಬಿಲ್ಲಿನಲ್ಲಿರುವ ವಾಹನ ಬೇರೆ, ರಸ್ತೆಯಲ್ಲಿರುವ ವಾಹನ ಬೇರೆ ಎಂದು ಸರಕನ್ನು ತಡೆಹಿಡಿಯಲಾಗುತ್ತದೆ.

ಮರುದಿನ ತಪ್ಪು ಯಾರದೆಂಬ ಪ್ರಶ್ನೆ ಬಂದಾಗ ವ್ಯವಸ್ಥಾಪಕರ ಹೆಸರೇ ಮೊದಲು ಬರುತ್ತದೆ. ಅವರಿಗೆ ಹೊಣೆ ಇತ್ತು, ಆದರೆ ತುರ್ತು ವೆಚ್ಚದ ಅಧಿಕಾರವಾಗಲಿ ಗುಪ್ತಪದವಾಗಲಿ ಇರಲಿಲ್ಲ. ಇಂತಹ ಸಂದರ್ಭದಲ್ಲಿ ಅತಿ ಸಮರ್ಥ ವ್ಯಕ್ತಿಯನ್ನು ನೇಮಿಸಿದರೂ ಪ್ರಯೋಜನವಿಲ್ಲ. ಹುದ್ದೆಗೆ ವ್ಯಕ್ತಿಯನ್ನು ಹುಡುಕುವ ಮೊದಲು ಹುದ್ದೆಯನ್ನು ಸರಿಯಾಗಿ ರೂಪಿಸುವುದು ಮಾಲೀಕರ ಕರ್ತವ್ಯವಾಗಿರುತ್ತದೆ.

5. ಮಾಲೀಕರು ಅಭ್ಯರ್ಥಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

(1) ದಾಖಲೆಗಳ ಜ್ಞಾನ: ಸಂದರ್ಶನದಲ್ಲಿ ಒಂದು ನೋಂದಣಿ ಪತ್ರ, ಒಂದು ಬಿಲ್ಟಿ ಮತ್ತು ಒಂದು ಇ-ವೇ ಬಿಲ್ಲಿನ ಪ್ರತಿಯನ್ನು ಕೊಟ್ಟು ದೋಷ ಕಂಡುಹಿಡಿಯಲು ಹೇಳಬಹುದು. ಹತ್ತು ನಿಮಿಷದ ಈ ಪರೀಕ್ಷೆಯು ಒಂದು ಗಂಟೆಯ ಮಾತುಕತೆಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

(2) ಪರವಾನಗಿಯ ಜ್ಞಾನ: ರಾಷ್ಟ್ರೀಯ ಪರವಾನಗಿಗೆ ವರ್ಷಕ್ಕೆ ರೂ. 16,500 ಏಕೀಕೃತ ಶುಲ್ಕವಿದ್ದು, 12 ವರ್ಷ ಮೀರಿದ ವಾಹನಕ್ಕೆ (ಬಹು ಆ್ಯಕ್ಸಲ್ ವಾಹನವಾದರೆ 15 ವರ್ಷ) ಅದು ದೊರೆಯುವುದಿಲ್ಲ. ಸಂಸ್ಥೆಯ ವಾಹನಗಳಲ್ಲಿ ಯಾವುದು ಯಾವ ವರ್ಷ ಈ ಮಿತಿಗೆ ಬರುತ್ತದೆ ಎಂದು ಮುಂಚಿತವಾಗಿ ಯೋಚಿಸಬಲ್ಲವರೇ ಹಿರಿಯ ಹುದ್ದೆಗೆ ತಕ್ಕವರು.

(3) ಅಪಾಯಕಾರಿ ಸರಕಿನ ಅರಿವು: ರಾಸಾಯನಿಕಗಳನ್ನು ಸಾಗಿಸುವ ಸಂಸ್ಥೆಯಾದಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಂತೆ ಚಾಲಕರಿಗೆ ವಿಶೇಷ ತರಬೇತಿ, ವಾಹನದ ಮೇಲೆ ಸರಕಿನ ವರ್ಗದ ಗುರುತು ಹಾಗೂ ಚಾಲಕನ ಬಳಿ ತುರ್ತು ಸೂಚನೆಗಳು ಇರಬೇಕೆಂಬುದು ಅಭ್ಯರ್ಥಿಗೆ ತಿಳಿದಿರಬೇಕು.

(4) ಭಾಷೆ: ಕನ್ನಡ, ಮರಾಠಿ, ತೆಲುಗು ಮತ್ತು ಉರ್ದು ಈ ಗಡಿಭಾಗದ ದಿನಬಳಕೆಯ ಭಾಷೆಗಳು. ಉಮರ್ಗಾದ ಅಧಿಕಾರಿಯೊಂದಿಗೆ ಮರಾಠಿಯಲ್ಲಿ, ಜಹೀರಾಬಾದಿನ ವರ್ತಕರೊಂದಿಗೆ ತೆಲುಗು ಅಥವಾ ಉರ್ದುವಿನಲ್ಲಿ, ಚಾಲಕನೊಂದಿಗೆ ಅವನದೇ ಭಾಷೆಯಲ್ಲಿ ಮಾತನಾಡಬಲ್ಲ ವ್ಯಕ್ತಿ ದೂರದ ನಗರದಿಂದ ಸುಲಭವಾಗಿ ದೊರೆಯುವುದಿಲ್ಲ. ಇದು ಸ್ಥಳೀಯ ಅಭ್ಯರ್ಥಿಗಳ ಅರ್ಹತೆಯೆಂದೇ ಪರಿಗಣಿಸತಕ್ಕದ್ದು.

(5) ನಡವಳಿಕೆ: ಹಿಂದಿನ ಸಂಸ್ಥೆಯ ಮಾಲೀಕರಿಂದ ಮಾತ್ರವಲ್ಲದೆ ಅಲ್ಲಿನ ಚಾಲಕರಿಂದಲೂ ವಿಚಾರಿಸುವುದು ಸೂಕ್ತ. ಮಾರ್ಗವೆಚ್ಚವನ್ನು ಸಕಾಲಕ್ಕೆ ಕೊಡುತ್ತಿದ್ದರೇ, ಅಪಘಾತವಾದಾಗ ದೂರವಾಣಿ ಎತ್ತುತ್ತಿದ್ದರೇ ಎಂಬುದನ್ನು ಚಾಲಕರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

6. ಪದವಿ ಮತ್ತು ಅನುಭವ

ಹಿರಿಯ ಹುದ್ದೆಗಳ ಜಾಹೀರಾತಿನಲ್ಲಿ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿ ಕೇಳುವುದು ಸಾಮಾನ್ಯವಾಗಿದೆ. ಲೆಕ್ಕಪತ್ರ, ದರ ನಿಗದಿ ಮತ್ತು ಗಣಕಯಂತ್ರದ ಬಳಕೆಯಲ್ಲಿ ಶಿಕ್ಷಣವು ನಿಶ್ಚಯವಾಗಿಯೂ ನೆರವಾಗುತ್ತದೆ. ಆದರೆ ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಇಪ್ಪತ್ತು ವರ್ಷದ ಅನುಭವಿಯ ಅರ್ಜಿಯನ್ನು ತೆರೆಯದೆ ಬದಿಗಿಡುವುದರಿಂದ ಸಂಸ್ಥೆಗೇ ನಷ್ಟ. ಪದವೀಧರರಿಗೆ ರಸ್ತೆಯ ಅನುಭವವನ್ನೂ, ಅನುಭವಿಗಳಿಗೆ ಲೆಕ್ಕ ಮತ್ತು ಗಣಕಯಂತ್ರದ ತರಬೇತಿಯನ್ನೂ ಕೊಡುವುದು ಸರಿಯಾದ ಕ್ರಮ.

ಅನುಭವವಿದ್ದೂ ಪ್ರಮಾಣ ಪತ್ರವಿಲ್ಲದವರು ಈ ಭಾಗದಲ್ಲಿ ಹೆಚ್ಚು. ಅವರು ಈ ಕೆಳಕಂಡವುಗಳನ್ನು ಆಧಾರವಾಗಿ ಬಳಸಬಹುದು: ಭವಿಷ್ಯ ನಿಧಿ ಖಾತೆಯ ಸೇವಾ ವಿವರ, ವೇತನ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಹಿಂದಿನ ಮಾಲೀಕರ ಪತ್ರ, ತಾವು ಸಹಿ ಮಾಡಿದ ಬಿಲ್ಟಿ ಅಥವಾ ಗೇಟ್ ಪಾಸ್‌ಗಳ ಪ್ರತಿ. ಪೂರ್ವ ಕಲಿಕೆಗೆ ಮಾನ್ಯತೆ ನೀಡುವ ಕೌಶಲ ಯೋಜನೆಗಳಲ್ಲಿ ಪರೀಕ್ಷೆಗೆ ಹಾಜರಾಗಿ ಪ್ರಮಾಣ ಪತ್ರ ಪಡೆಯಲು ಸಹ ಅವಕಾಶವಿರುತ್ತದೆ.

7. ನೇಮಕ ಪತ್ರದಲ್ಲಿ ಇರಬೇಕಾದ ಅಂಶಗಳು

(1) ಹುದ್ದೆಯ ಹೆಸರು, ಕಾರ್ಯಸ್ಥಳ, ವ್ಯಾಪ್ತಿಗೆ ಬರುವ ಮಾರ್ಗಗಳು ಮತ್ತು ವಾಹನಗಳ ಸಂಖ್ಯೆ.

(2) ವೇತನ, ಭತ್ಯೆ, ಭವಿಷ್ಯ ನಿಧಿ, ರಜೆ ಮತ್ತು ರಾತ್ರಿ ಕರೆಗಳಿಗೆ ಪ್ರತಿಯಾಗಿ ವಿಶ್ರಾಂತಿಯ ವ್ಯವಸ್ಥೆ.

(3) ಮಾಲೀಕರನ್ನು ಕೇಳದೆ ತುರ್ತಾಗಿ ಖರ್ಚು ಮಾಡಬಹುದಾದ ಹಣದ ಮಿತಿ.

(4) ಅಧಿಕ ಭಾರದ, ದಾಖಲೆ ಸರಿಯಿಲ್ಲದ ಅಥವಾ ಚಾಲಕ ದಣಿದಿರುವ ವಾಹನವನ್ನು ಹೊರಡಿಸದೆ ನಿಲ್ಲಿಸುವ ಅಧಿಕಾರ. ಹಾಗೆ ನಿಲ್ಲಿಸಿದ್ದಕ್ಕೆ ವೇತನ ಕಡಿತ ಮಾಡುವಂತಿಲ್ಲ ಎಂಬ ಸ್ಪಷ್ಟ ಮಾತು.

(5) ಇ-ವೇ ಬಿಲ್ ಮುಂತಾದ ಜಾಲತಾಣಗಳಲ್ಲಿ ಅವರದೇ ಪ್ರತ್ಯೇಕ ಉಪ-ಬಳಕೆದಾರರ ಖಾತೆ. ಒಬ್ಬರ ಗುಪ್ತಪದವನ್ನು ಎಲ್ಲರೂ ಬಳಸುವ ಪದ್ಧತಿಯಿಂದ ತಪ್ಪು ಯಾರದೆಂದು ತಿಳಿಯುವುದೇ ಇಲ್ಲ.

(6) ದಂಡ ಮತ್ತು ನಷ್ಟವನ್ನು ಯಾವ ಸಂದರ್ಭದಲ್ಲಿ ಯಾರು ಭರಿಸಬೇಕು, ಮೊಕದ್ದಮೆಯಾದರೆ ವಕೀಲರ ವೆಚ್ಚ ಯಾರದು ಎಂಬ ವಿವರ.

(7) ಕೆಲಸ ಬಿಡುವಾಗ ಎರಡೂ ಕಡೆಯವರು ನೀಡಬೇಕಾದ ಸೂಚನೆಯ ಅವಧಿ, ಲೆಕ್ಕ ಒಪ್ಪಿಸುವ ಕ್ರಮ ಮತ್ತು ಅನುಭವ ಪತ್ರ.

ಇಲ್ಲಿ ಒಂದು ವಿಷಯ ಗಮನಾರ್ಹ. ಎಲ್ಲ ಹೊಣೆ ಮಾಲೀಕರದೆಂದು ನೇಮಕ ಪತ್ರದಲ್ಲಿ ಬರೆದ ಮಾತ್ರಕ್ಕೆ ಕಾಯ್ದೆಯ ಕಲಂ 199ರ ಹೊಣೆ ತಾನಾಗಿಯೇ ತಪ್ಪುವುದಿಲ್ಲ. ಆದರೆ ವಾಹನ ನಿಲ್ಲಿಸುವ ಅಧಿಕಾರ ಲಿಖಿತವಾಗಿದ್ದು, ಅದನ್ನು ಬಳಸಿದ ದಿನಗಳ ಟಿಪ್ಪಣಿ ಮತ್ತು ತೂಕದ ಕಾಂಟಾದ ಚೀಟಿಗಳನ್ನು ಇಟ್ಟುಕೊಂಡಿದ್ದರೆ ಸೂಕ್ತ ಎಚ್ಚರಿಕೆ ವಹಿಸಿದ್ದಕ್ಕೆ ಅವೇ ಸಾಕ್ಷಿಯಾಗುತ್ತವೆ. ದಿನಕ್ಕೆ ಅರ್ಧ ಪುಟದ ದಿನಚರಿ ಬರೆಯುವ ಅಭ್ಯಾಸ ಪ್ರತಿಯೊಬ್ಬ ವ್ಯವಸ್ಥಾಪಕರಿಗೂ ಹಿತಕರ.

8. ದೇಶದ ಗಡಿ ದಾಟುವ ಸಾಗಣೆ ಮತ್ತು ವಿದೇಶದ ಹುದ್ದೆಗಳು

ರಾಜ್ಯದ ಗಡಿಗೂ ದೇಶದ ಗಡಿಗೂ ವ್ಯತ್ಯಾಸವಿದೆ. ದೇಶದ ಗಡಿಯಲ್ಲಿ ಸುಂಕ ಇಲಾಖೆಯ ವಿಧಿವಿಧಾನಗಳು ಸೇರುತ್ತವೆ. ಭಾರತದ ಭೂಗಡಿಯ ನಿಲ್ದಾಣಗಳ ನಿರ್ವಹಣೆಗೆ 2012ರಲ್ಲಿ ಭೂ ಬಂದರು ಪ್ರಾಧಿಕಾರ ಸ್ಥಾಪನೆಯಾಯಿತು. ಬಾಂಗ್ಲಾದೇಶದ ಗಡಿಯ ಪೆಟ್ರಾಪೋಲ್, ನೇಪಾಳದ ಗಡಿಯ ರಕ್ಸೌಲ್ ಇಂತಹ ನಿಲ್ದಾಣಗಳು. ಮೊಹರು ಮಾಡಿದ ವಾಹನವನ್ನು ಹಲವು ದೇಶಗಳ ಮೂಲಕ ಸಾಗಿಸಲು ಅನುವು ಮಾಡುವ ಟಿಐಆರ್ ಒಪ್ಪಂದಕ್ಕೆ ಭಾರತ 2017ರಲ್ಲಿ ಸೇರಿತು. ಸುಂಕ ದಲ್ಲಾಳಿಯಾಗಿ ಕೆಲಸ ಮಾಡಲು 2018ರ ಸುಂಕ ದಲ್ಲಾಳಿಗಳ ಪರವಾನಗಿ ನಿಯಮಗಳ ಅಡಿಯಲ್ಲಿ ಪರೀಕ್ಷೆ ಉತ್ತೀರ್ಣರಾಗಿ ಪರವಾನಗಿ ಪಡೆಯಬೇಕು. ರಾಜ್ಯಗಳ ನಡುವಿನ ಅನುಭವವಿರುವವರು ರಫ್ತು ಸರಕಿನ ಸಂಸ್ಥೆಗೆ ಅರ್ಜಿ ಹಾಕುವಾಗ ಈ ಹೆಚ್ಚುವರಿ ಜ್ಞಾನ ಸಂಪಾದಿಸುವುದು ಅಗತ್ಯ.

ಕೊಲ್ಲಿ ರಾಷ್ಟ್ರಗಳಲ್ಲಿ ಲಾಜಿಸ್ಟಿಕ್ಸ್ ವ್ಯವಸ್ಥಾಪಕರ ಹುದ್ದೆ ಕೊಡಿಸುವುದಾಗಿ ಹೇಳಿ ಹಣ ಪಡೆಯುವವರ ಬಗ್ಗೆ ಸಾರ್ವಜನಿಕರು ಎಚ್ಚರಿಕೆಯಿಂದ ಇರತಕ್ಕದ್ದು. 1983ರ ವಲಸೆ ಕಾಯ್ದೆಯಡಿ ವಿದೇಶಕ್ಕೆ ನೇಮಕ ಮಾಡುವ ಏಜೆಂಟರು ನೋಂದಣಿ ಪಡೆದಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ರೂ. 30,000 ಹಾಗೂ ಅದರ ಮೇಲಿನ ತೆರಿಗೆ ಮಾತ್ರ. ಅದಕ್ಕೆ ರಸೀದಿ ಕೊಡಬೇಕು. ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಸಂದರ್ಶಕ ವೀಸಾದಲ್ಲಿ ಕಳುಹಿಸಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತೇವೆ ಎಂಬ ಭರವಸೆಯನ್ನು ನಂಬಬಾರದು.

9. ಅರ್ಜಿಯೊಂದಿಗೆ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

(1) ಎರಡು ಪುಟ ಮೀರದ ಸ್ವವಿವರ. ನಿರ್ವಹಿಸಿದ ವಾಹನಗಳ ಸಂಖ್ಯೆ, ಮಾರ್ಗಗಳು ಮತ್ತು ಸರಕಿನ ಬಗೆಯನ್ನು ನಮೂದಿಸತಕ್ಕದ್ದು.
(2) ವಿದ್ಯಾರ್ಹತೆಯ ಪ್ರಮಾಣ ಪತ್ರಗಳ ಪ್ರತಿಗಳು.
(3) ಅನುಭವದ ಆಧಾರಗಳು (ಮೇಲಿನ 6ನೇ ಅಂಶದಂತೆ).
(4) ಚಾಲನಾ ಪರವಾನಗಿ ಇದ್ದಲ್ಲಿ ಅದರ ಪ್ರತಿ.
(5) ಗುರುತಿನ ಮತ್ತು ವಿಳಾಸದ ದಾಖಲೆಯ ಪ್ರತಿ.

ಮೂಲ ಪ್ರಮಾಣ ಪತ್ರಗಳನ್ನು ಪರಿಶೀಲನೆಗೆ ತೋರಿಸಿ ಮರಳಿ ಪಡೆಯಬೇಕು. ಅವುಗಳನ್ನಾಗಲಿ, ಸಹಿ ಮಾಡಿದ ಖಾಲಿ ಚೆಕ್ ಅಥವಾ ಖಾಲಿ ಕಾಗದವನ್ನಾಗಲಿ ಯಾವುದೇ ಸಂಸ್ಥೆಗೆ ಒಪ್ಪಿಸಬಾರದು. ಹುದ್ದೆಗಳ ಹುಡುಕಾಟಕ್ಕೆ 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳೂ ಮಾಲೀಕರೂ ಉಚಿತವಾಗಿ ನೋಂದಾಯಿಸಿಕೊಳ್ಳಬಹುದಾಗಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂವಿಧಾನದ 371(ಜೆ) ಅನುಚ್ಛೇದದ ಮೀಸಲಾತಿ ಖಾಸಗಿ ಸಾರಿಗೆ ಸಂಸ್ಥೆಗಳ ಹುದ್ದೆಗೆ ಅನ್ವಯಿಸುತ್ತದೆಯೇ?
ಉತ್ತರ: ಇಲ್ಲ. ಆ ಮೀಸಲಾತಿಯು ಸರ್ಕಾರಿ ಹುದ್ದೆಗಳಿಗೆ ಹಾಗೂ ಶಿಕ್ಷಣ ಸಂಸ್ಥೆಗಳ ಪ್ರವೇಶಕ್ಕೆ ಸಂಬಂಧಿಸಿದೆ. ಖಾಸಗಿ ಸಂಸ್ಥೆಗೆ ಅರ್ಜಿ ಸಲ್ಲಿಸಲು ಸ್ಥಳೀಯ ವ್ಯಕ್ತಿ ಪ್ರಮಾಣ ಪತ್ರದ ಅಗತ್ಯವಿಲ್ಲ.

ಪ್ರಶ್ನೆ: ಚಾಲಕನಾಗಿದ್ದವರು ವ್ಯವಸ್ಥಾಪಕರಾಗಲು ಕಾನೂನಿನಲ್ಲಿ ಕನಿಷ್ಠ ವಿದ್ಯಾರ್ಹತೆ ಇದೆಯೇ?
ಉತ್ತರ: ಮೋಟಾರು ವಾಹನಗಳ ಕಾಯ್ದೆಯು ಖಾಸಗಿ ಸರಕು ಸಾಗಣೆ ಸಂಸ್ಥೆಯ ವ್ಯವಸ್ಥಾಪಕರಿಗೆ ವಿದ್ಯಾರ್ಹತೆ ನಿಗದಿಪಡಿಸಿಲ್ಲ. ಅರ್ಹತೆಯನ್ನು ನಿಗದಿಪಡಿಸುವುದು ಮಾಲೀಕರಿಗೆ ಬಿಟ್ಟದ್ದು.

ಪ್ರಶ್ನೆ: ಮಾಲೀಕರು ಅಧಿಕ ಭಾರ ಹೇರಲು ಒತ್ತಾಯಿಸಿದರೆ ಏನು ಮಾಡಬೇಕು?
ಉತ್ತರ: ಮೊದಲು ತೂಕದ ಮಿತಿ ಮತ್ತು ದಂಡದ ವಿವರವನ್ನು ಸಂದೇಶ ಅಥವಾ ಪತ್ರದ ಮೂಲಕ ಲಿಖಿತವಾಗಿ ತಿಳಿಸಬೇಕು. ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಅನೇಕ ಸಂದರ್ಭಗಳಲ್ಲಿ ಲೆಕ್ಕವನ್ನು ಕಾಗದದ ಮೇಲೆ ಕಂಡಾಗ ಮಾಲೀಕರೇ ಹಿಂದೆ ಸರಿಯುತ್ತಾರೆ. ಆದರೂ ಒತ್ತಾಯ ಮುಂದುವರಿದಲ್ಲಿ ಆದೇಶವನ್ನು ಪಾಲಿಸಿದ ವ್ಯವಸ್ಥಾಪಕರೂ ಹೊಣೆಯಿಂದ ಮುಕ್ತರಲ್ಲವೆಂಬುದನ್ನು ನೆನಪಿಡತಕ್ಕದ್ದು.

ಪ್ರಶ್ನೆ: ಮಹಿಳೆಯರು ಈ ಹುದ್ದೆಗೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ದಾಖಲೆ, ಲೆಕ್ಕ, ಮಾರ್ಗ ಯೋಜನೆ ಮತ್ತು ವಾಹನಗಳ ಜಾಡು ನೋಡುವ ಕೆಲಸ ಬಹುಪಾಲು ಕಚೇರಿಯಿಂದಲೇ ನಡೆಯುತ್ತದೆ. ರಾತ್ರಿ ಪಾಳಿ ಇದ್ದಲ್ಲಿ ಒಪ್ಪಿಗೆ, ಸುರಕ್ಷತೆ ಮತ್ತು ಮನೆಗೆ ತಲುಪಿಸುವ ವ್ಯವಸ್ಥೆಯನ್ನು ನೇಮಕ ಪತ್ರದಲ್ಲಿ ಬರೆಸಿಕೊಳ್ಳಬೇಕು.

11. ಸಾರ್ವಜನಿಕರಲ್ಲಿ ಮನವಿ

ಗಡಿಭಾಗದಲ್ಲಿ ಹುಟ್ಟಿ ಬೆಳೆದವರಿಗೆ ಮೂರು ರಾಜ್ಯಗಳ ಭಾಷೆ, ರಸ್ತೆ ಮತ್ತು ಮಾರುಕಟ್ಟೆಯ ಪರಿಚಯ ಸಹಜವಾಗಿಯೇ ಇರುತ್ತದೆ. ಈ ಪರಿಚಯಕ್ಕೆ ಕಾನೂನಿನ ತಿಳಿವಳಿಕೆ ಸೇರಿದರೆ ನಿರ್ಣಾ, ಹುಮನಾಬಾದ್, ಚಿಟಗುಪ್ಪ ಮತ್ತು ಬಸವಕಲ್ಯಾಣದ ಅನುಭವಿಗಳು ಯಾವುದೇ ದೊಡ್ಡ ಸಂಸ್ಥೆಯ ಹಿರಿಯ ಹುದ್ದೆಯನ್ನು ಸಮರ್ಥವಾಗಿ ನಿಭಾಯಿಸಬಲ್ಲರು. ಅಭ್ಯರ್ಥಿಗಳು ವೇತನದ ಜೊತೆಗೆ ಅಧಿಕಾರವನ್ನೂ ಕೇಳಿ ಪಡೆಯಬೇಕು. ಮಾಲೀಕರು ಹೊಣೆಯ ಜೊತೆಗೆ ಅಧಿಕಾರವನ್ನೂ ಕೊಡಬೇಕು. ಇವೆರಡೂ ನೇಮಕ ಪತ್ರದಲ್ಲಿ ಬರಹದಲ್ಲಿರಬೇಕು.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ದಂಡ, ಶುಲ್ಕ ಮತ್ತು ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.